ಸ್ಟಾರ್ ಅನಲೈಸರ್ 100: ಮೈಸೂರಿನ ಟೆರೇಸಿನಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಆಕಾಶದ ಚೆಂದದ ಫೋಟೊ ಬೇಕು ಅಂತ ಇದನ್ನು ಕೊಳ್ಳುವುದಾದರೆ ಬೇಡ. ಬಿಎಸ್ಸಿ, ಎಂಎಸ್ಸಿ ಮಕ್ಕಳಿಂದ ಒಂದು ಗಟ್ಟಿ ಪ್ರಾಜೆಕ್ಟ್ ಮಾಡಿಸಬೇಕು, ದೊಡ್ಡ ವೀಕ್ಷಣಾಲಯದಲ್ಲಿ ನಕ್ಷತ್ರದ ಬೆಳಕನ್ನು ಅಳೆಯುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಅವರ ಕೈಗೆ ಹತ್ತಬೇಕು ಅಂತಿದ್ದರೆ, ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗಂತೂ ಕಂಡಿಲ್ಲ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳ ಜೊತೆ ಇದನ್ನು ಚೆನ್ನಾಗಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ವಸ್ತು ಏನು ಅಂದರೆ, ಒಂದು ಗ್ರೇಟಿಂಗ್, ಬೆಳಕನ್ನು ಬಣ್ಣಗಳಾಗಿ ಬಿಡಿಸುವಂಥದ್ದು, ಅಷ್ಟೇ. ಮಿಲಿಮೀಟರಿಗೆ 100 ಗೆರೆ ಇರುವ ಗಾಜು. ಒಂದೂಕಾಲು ಇಂಚಿನ ಫಿಲ್ಟರ್ ಕಟ್ಟಿನಲ್ಲಿ ಕೂರಿಸಿದ್ದಾರೆ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ರಾಬಿನ್ ಲೆಡ್‌ಬೀಟರ್ ಅನ್ನುವ ಬ್ರಿಟನ್ನಿನ ಹವ್ಯಾಸಿ ವೀಕ್ಷಕರು ರೂಪಿಸಿದ್ದು, ಅಲ್ಲೇ ತಯಾರಾಗುತ್ತದೆ. 200 ಗೆರೆಯ ಇನ್ನೊಂದು ಮಾದರಿಯೂ ಇದೆ. ಕ್ಯಾಮೆರಾಕ್ಕೂ ಗ್ರೇಟಿಂಗಿಗೂ ನಡುವೆ ಜಾಗ ಕಡಿಮೆ ಇರುವವರಿಗೆ ಅದು.

ನಮ್ಮ ಲ್ಯಾಬಿನಲ್ಲೂ ಗ್ರೇಟಿಂಗ್ ಇದೆಯಲ್ಲ, ಅದನ್ನೇ ಕ್ಯಾಮೆರಾ ಮುಂದೆ ಹಿಡಿದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಲೇಸರಿಗೆ ಆಗುತ್ತದೆ, ನಕ್ಷತ್ರಕ್ಕೆ ಆಗುವುದಿಲ್ಲ. ಲ್ಯಾಬಿನ ಗ್ರೇಟಿಂಗ್ ಬೆಳಕನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಂಚುತ್ತದೆ, ಮತ್ತೆ ಎರಡನೇ ಸುತ್ತು, ಮೂರನೇ ಸುತ್ತು ಅಂತ ಚೂರು ಚೂರು ಮಾಡುತ್ತದೆ. ನಕ್ಷತ್ರದಿಂದ ಬರುವುದೇ ಒಂದು ಚಿಟಿಕೆ ಬೆಳಕು, ಅದನ್ನೂ ಹೀಗೆ ಹಂಚಿದರೆ ಉಳಿಯುವುದೇನು? ಸ್ಟಾರ್ ಅನಲೈಸರ್‌ನ ಗೆರೆಗಳನ್ನು ಓರೆಯಾಗಿ ಕೊರೆದಿರುತ್ತಾರೆ. ಹಾಗಾಗಿ ಹೆಚ್ಚಿನ ಬೆಳಕು ಒಂದೇ ಕಡೆಯ ಮೊದಲ ಪಟ್ಟಿಗೆ ಹೋಗುತ್ತದೆ. ನೀವು ದುಡ್ಡು ಕೊಡುವುದು ಇದಕ್ಕೇ.

ದುಡ್ಡಿನ ವಿಷಯ. ಕಸ್ಟಮ್ಸ್ ಸುಂಕ, ಕೊರಿಯರ್ ಎಲ್ಲ ಸೇರಿದರೆ ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆ ಆಗುತ್ತದೆ. ನನ್ನ ಪೊಟ್ಟಣ ತಂದ ಕೊರಿಯರಿನವರು "ವೈಜ್ಞಾನಿಕ ಉಪಕರಣ" ಅನ್ನುವ ಎರಡು ಪದ ನೋಡಿ ಕಾಗದದ ಮೇಲೆ ಕಾಗದ ಕೇಳಿದರು. ಕಾಲೇಜಿನ ಲೆಟರ್‌ಹೆಡ್ ಮೊದಲೇ ರೆಡಿ ಇಟ್ಟುಕೊಳ್ಳಿ.

ಬಂದ ಮೇಲೆ ಇನ್ನೊಂದು ತಲೆನೋವು. ಇದು ಟೆಲಿಸ್ಕೋಪಿನ ಕ್ಯಾಮೆರಾ ಮೂತಿಗೆ ಸುಲಭವಾಗಿ ಕೂರುತ್ತದೆ, ಆದರೆ ಮಾಮೂಲಿ ಡಿಎಸ್‌ಎಲ್‌ಆರ್ ಲೆನ್ಸಿಗೆ ನೇರವಾಗಿ ಕೂರುವುದಿಲ್ಲ, ನಡುವೆ ಒಂದು ರಿಂಗ್ ಬೇಕು. ಹೊರಗಿಂದ ತರಿಸುವ ಬದಲು ಮೇಟಗಳ್ಳಿ ಕಡೆಯ ಒಂದು ಲೇತ್ ಶಾಪಿಗೆ ಹೋದೆ. ಯಜಮಾನರು ಗ್ರೇಟಿಂಗನ್ನು ಬೆಳಕಿಗೆ ಹಿಡಿದು, "ಮೇಡಮ್ಮೋರೆ, ಇದರಲ್ಲಿ ನಕ್ಷತ್ರ ಕಾಣ್ಸುತ್ತಾ?" ಅಂದರು. ಕಾಣಿಸುವುದಿಲ್ಲ, ನಕ್ಷತ್ರ ಉದ್ದಕ್ಕೆ ಎಳೆದ ಹಾಗೆ ಆಗುತ್ತದೆ ಅಂದೆ. ಅವರಿಗೆ ನನ್ನ ವಿವರಣೆಗಿಂತ ಥ್ರೆಡ್ಡಿನ ಅಳತೆ ಮುಖ್ಯವಾಗಿತ್ತು. ಅಲ್ಯೂಮಿನಿಯಂನಲ್ಲಿ ಅಚ್ಚುಕಟ್ಟಾಗಿ ಕಡೆದು ಕೊಟ್ಟರು, ತಗೊಂಡ ದುಡ್ಡೂ ಕಡಿಮೆಯೇ.

ಈಗ ಕೆಲಸಕ್ಕೆ ಬರೋಣ. ಟೆಲಿಸ್ಕೋಪ್ ಇಲ್ಲದೆಯೂ ಶುರು ಮಾಡಬಹುದು, ಇದು ನನಗೆ ತುಂಬಾ ಹಿಡಿಸಿದ ಅಂಶ. ಕುವೆಂಪುನಗರದ ನಮ್ಮ ಟೆರೇಸು, ಒಂದು ಟ್ರೈಪಾಡ್, 50 ಮಿಲಿಮೀಟರಿನ ಲೆನ್ಸ್, ಅದರ ಮುಂದೆ ಈ ಗ್ರೇಟಿಂಗ್. ಫೋಟೊದಲ್ಲಿ ನಕ್ಷತ್ರ ಒಂದು ಚುಕ್ಕಿಯಾಗಿ ಬೀಳುತ್ತದೆ, ಪಕ್ಕದಲ್ಲಿ ಅದರ ವರ್ಣಪಟಲ, ಅಂದರೆ ಬಣ್ಣಗಳಾಗಿ ಹರಡಿದ ಅದರ ಬೆಳಕು, ಒಂದು ತೆಳು ಗೆರೆಯಾಗಿ ಬೀಳುತ್ತದೆ. ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರಾನ್ ಇದ್ದರೆ ಒಂದು ಪಿಕ್ಸೆಲ್ಲಿಗೆ 0.8 ನ್ಯಾನೊಮೀಟರ್ ತರಂಗಾಂತರದ ಲೆಕ್ಕ. ಹೈಡ್ರೊಜನ್ನಿನ 656.3 ನ್ಯಾನೊಮೀಟರಿನ ಕೆಂಪು ಗೆರೆ ಚುಕ್ಕಿಯಿಂದ ಸುಮಾರು 820 ಪಿಕ್ಸೆಲ್ ದೂರದಲ್ಲಿ ಬೀಳಬೇಕು, ಎಣಿಸಿ ನೋಡಿದರೆ ಅಲ್ಲೇ ಇರುತ್ತದೆ. ಸೆಕೆಂಡ್ ಇಯರ್ ಪುಸ್ತಕದ ಗ್ರೇಟಿಂಗ್ ಸೂತ್ರ ಒಂದು ನಕ್ಷತ್ರದ ಮೇಲೆ ಹೀಗೆ ಸರಿಹೋಗುವುದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು.

ಒಂದು ಉಪಾಯ ಹೇಳುತ್ತೇನೆ. ವರ್ಣಪಟಲ ಕೂದಲಿನಷ್ಟು ತೆಳ್ಳಗಿದ್ದರೆ, ನಕ್ಷತ್ರದ ಅನಿಲ ಬೆಳಕು ನುಂಗಿದ ಕಡೆ ಬೀಳುವ ಕಪ್ಪು ಗೆರೆಗಳು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನಕ್ಷತ್ರ ಹಿಂಬಾಲಿಸುವ ಮೋಟಾರು ಗೀಟಾರು ಏನೂ ಬೇಡ, ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೇ ಬಿಡಿ. ನಕ್ಷತ್ರ ಸರಿಯುವ ದಿಕ್ಕಿಗೆ ವರ್ಣಪಟಲ ಅಡ್ಡಲಾಗಿ ಬರುವ ಹಾಗೆ ಗ್ರೇಟಿಂಗನ್ನು ತಿರುಗಿಸಿ. ಆರ್ದ್ರಾ ನಕ್ಷತ್ರಕ್ಕೆ 20 ಸೆಕೆಂಡ್ ತೆರೆದಿಟ್ಟರೆ ಗೆರೆ ಸುಮಾರು 18 ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತದೆ. ಟೈಟಾನಿಯಂ ಆಕ್ಸೈಡ್ ಬೆಳಕನ್ನು ನುಂಗಿದ ದಪ್ಪ ದಪ್ಪ ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಅಣುಗಳು ಒಡೆಯದೆ ಉಳಿಯುವಷ್ಟು ತಣ್ಣಗಿನ ನಕ್ಷತ್ರ ಅದು. ಪಕ್ಕದ ಲುಬ್ಧಕದಲ್ಲಿ ಈ ಪಟ್ಟೆ ಒಂದೂ ಇಲ್ಲ, ಹೈಡ್ರೊಜನ್ನಿನ 486.1, 434.0, 410.2ರ ಗೆರೆಗಳೇ ಸಾಲಾಗಿ ನಿಲ್ಲುತ್ತವೆ.

ಅಂದಹಾಗೆ, ಹೊರದೇಶದವರು ಬರೆದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಅಭಿಜಿತ್ ನಕ್ಷತ್ರದಿಂದ ಶುರು ಮಾಡಿ ಅನ್ನುತ್ತವೆ. ನಮ್ಮೂರಲ್ಲಿ ಅಭಿಜಿತ್ ಸಂಜೆ ಎತ್ತರದಲ್ಲಿರುವ ತಿಂಗಳುಗಳಲ್ಲಿ ಮಳೆ ಮೋಡ ಬಿಟ್ಟು ಬೇರೇನೂ ಕಾಣಲ್ಲ. ಲುಬ್ಧಕ ಸಾಕು, ಅದೂ ಅದೇ ಜಾತಿಯದ್ದು, ಸಂಕ್ರಾಂತಿ ಹೊತ್ತಿಗೆ ಆಕಾಶವೂ ತಿಳಿಯಾಗಿರುತ್ತದೆ.

ನಮಗೆ ಇನ್ನೊಂದು ಅದೃಷ್ಟವಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಫೆಬ್ರವರಿ, ಮಾರ್ಚ್ ರಾತ್ರಿ ದಕ್ಷಿಣಕ್ಕೆ ನೋಡಿ. ಅಗಸ್ತ್ಯ ನಕ್ಷತ್ರದ ಎಡಕ್ಕೆ ಗಾಮಾ ವೆಲೋರಂ ಇದೆ. ಮೈಸೂರಿನಿಂದ ದಿಗಂತದ ಮೇಲೆ ಸುಮಾರು 30 ಡಿಗ್ರಿ ಏರುತ್ತದೆ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಈ ಗ್ರೇಟಿಂಗ್ ತಯಾರಾದ ದೇಶದಲ್ಲಿ ಅದು ಹುಟ್ಟುವುದೇ ಇಲ್ಲ! ಅದರಲ್ಲಿ ಒಂದು ವುಲ್ಫ್-ರಾಯೆ ನಕ್ಷತ್ರ ಇದೆ. ಮೈಮೇಲಿನ ಅನಿಲವನ್ನು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಕ್ಕೆ ಉಗುಳುವ ಜಾತಿ. ಅದರ ವರ್ಣಪಟಲದಲ್ಲಿ ಕಪ್ಪು ಗೆರೆಗಳ ಬದಲು ಹೊಳೆಯುವ ಉಬ್ಬುಗಳು ಇರುತ್ತವೆ, 465ರ ಹತ್ತಿರ ಒಂದು, 570ರ ಹತ್ತಿರ ಒಂದು, 580ರ ಹತ್ತಿರ ಇನ್ನೊಂದು, ಹೆಚ್ಚಾಗಿ ಕಾರ್ಬನ್ನಿನದು. ಅನಿಲ ಅಷ್ಟು ಜೋರಾಗಿ ಹಾರುವುದರಿಂದಲೇ ಆ ಉಬ್ಬುಗಳು ಅಷ್ಟು ಅಗಲ. ಅಗಲ ಇರುವುದರಿಂದಲೇ ನಮ್ಮ ಈ ಸಣ್ಣ ಗಾಜಿಗೂ ಸಿಗುತ್ತವೆ. ಉತ್ತರದ ದೇಶಗಳವರು ಇದೇ ಜಾತಿಯ ನಕ್ಷತ್ರ ಬೇಕು ಅಂದರೆ ರಾಜಹಂಸ ಪುಂಜದಲ್ಲಿ ಬರಿಗಣ್ಣಿಗೆ ಕಾಣದ ಮಂಕು ನಕ್ಷತ್ರ ಹುಡುಕಬೇಕು. ನಾವು ಚಪ್ಪಲಿ ಹಾಕಿಕೊಂಡು ಟೆರೇಸಿಗೆ ಹೋದರೆ ಸಾಕು.

ಕೊರತೆಗಳು. ಇವೆ, ದೊಡ್ಡವೇ ಇವೆ.

ಇದರಲ್ಲಿ ಸೀಳುಗಂಡಿ (ಸ್ಲಿಟ್, ಬೆಳಕನ್ನು ಒಂದು ತೆಳು ಕಿಂಡಿಯಿಂದ ಮಾತ್ರ ಒಳಬಿಡುವಂಥದ್ದು) ಇಲ್ಲ. ನಕ್ಷತ್ರದ ಚುಕ್ಕಿಯೇ ಸೀಳುಗಂಡಿಯ ಕೆಲಸ ಮಾಡುತ್ತದೆ, ಹಾಗಾಗಿ ಚುಕ್ಕಿ ಎಷ್ಟು ಚೂಪೋ ವರ್ಣಪಟಲವೂ ಅಷ್ಟೇ ಚೂಪು. ಗಾಳಿ ನಡುಗಿದರೆ, ಫೋಕಸ್ ಕೂದಲೆಳೆ ತಪ್ಪಿದರೆ ಗೆರೆ ಮಾಯ. ನಮ್ಮ ಲೆನ್ಸಿನಲ್ಲಿ ಮೂರು ನಾಲ್ಕು ನ್ಯಾನೊಮೀಟರಿಗಿಂತ ಹತ್ತಿರದ ಗೆರೆಗಳು ಬೇರೆಯಾಗಿ ಕಾಣುವುದಿಲ್ಲ. 1868ರ ಗ್ರಹಣದಲ್ಲಿ ನಮ್ಮ ದೇಶದಿಂದ ನೋಡಿದವರಿಗೆ ಸೂರ್ಯನ ಅಂಚಿನಲ್ಲಿ ಒಂದು ಹಳದಿ ಗೆರೆ ಕಂಡಿತಲ್ಲ, ಆಮೇಲೆ ಹೀಲಿಯಂ ಅಂತ ಗೊತ್ತಾಗಿದ್ದು, ಅದು 587.6. ಸೋಡಿಯಂ ಜೋಡಿ 589.0 ಮತ್ತು 589.6. ಸ್ಟಾರ್ ಅನಲೈಸರಿಗೆ ಇವೆಲ್ಲ ಒಂದೇ ಮುದ್ದೆ. ನಕ್ಷತ್ರ ನಮ್ಮ ಕಡೆ ಬರುತ್ತಿದೆಯಾ ದೂರ ಹೋಗುತ್ತಿದೆಯಾ ಅಂತ ಇದರಲ್ಲಿ ಅಳೆಯುವುದನ್ನೂ ಮರೆತುಬಿಡಿ. ಸೆಕೆಂಡಿಗೆ 100 ಕಿಲೋಮೀಟರ್ ವೇಗಕ್ಕೆ ಹೈಡ್ರೊಜನ್ನಿನ ಕೆಂಪು ಗೆರೆ ಸರಿಯುವುದು 0.22 ನ್ಯಾನೊಮೀಟರ್, ಒಂದು ಪಿಕ್ಸೆಲ್ಲಿನ ಕಾಲು ಭಾಗ.

ನಕ್ಷತ್ರಗಳು ಒತ್ತೊತ್ತಾಗಿರುವ ಕಡೆ ಒಂದರ ಪಟ್ಟಿಯ ಮೇಲೆ ಇನ್ನೊಂದರ ಪಟ್ಟಿ ಬೀಳುತ್ತದೆ. ನಗರದ ಬೆಳಕಂತೂ ಇಡೀ ಚಿತ್ರಕ್ಕೆ ಬೂದಿ ಬಳಿದ ಹಾಗೆ ಹರಡಿಕೊಳ್ಳುತ್ತದೆ, ಸೀಳುಗಂಡಿ ಇದ್ದಿದ್ದರೆ ಅಷ್ಟಾಗಿ ಕಾಡುತ್ತಿರಲಿಲ್ಲ. ಅರಮನೆಯ ದೀಪ ಹತ್ತುವ ಸಂಜೆ, ದಸರಾ ದಿನಗಳಲ್ಲಿ ಸುಮ್ನೆ ದೀಪ ನೋಡಿಕೊಂಡು ಬನ್ನಿ, ಮಂಕು ನಕ್ಷತ್ರದ ಆಸೆ ಇಟ್ಟುಕೊಳ್ಳಬೇಡಿ. ಪ್ರಖರ ನಕ್ಷತ್ರಗಳಿಗೆ ಊರೊಳಗಿನ ಟೆರೇಸ್ ಸಾಕು. ಉಳಿದದ್ದಕ್ಕೆ ನಾವು ಮೇಲುಕೋಟೆ ಕಡೆ ಹೋಗುತ್ತೇವೆ. ಪುಳಿಯೋಗರೆಯ ನೆಪವೂ ಆಗುತ್ತೆ.

ಇನ್ನೊಂದು, ಡಿಎಸ್‌ಎಲ್‌ಆರ್ ಒಳಗಿನ ಫಿಲ್ಟರ್ 656.3ರ ಕೆಂಪು ಬೆಳಕಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ಅದಕ್ಕೆ ಗ್ರೇಟಿಂಗನ್ನು ಬೈಯಬೇಡಿ. ಕಾಲೇಜಿನಲ್ಲಿ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪು, ಒಂದು ಕಪ್ಪು-ಬಿಳುಪು ಕ್ಯಾಮೆರಾ ಇವೆ. ಗಂಭೀರ ಕೆಲಸವೆಲ್ಲ ಅದರಲ್ಲೇ.

ಆ ಕ್ಯಾಮೆರಾದಲ್ಲೇ ಒಂದು ತಮಾಷೆ ಆಯಿತು. ಮದ್ದೂರಿನಿಂದ ದಿನಾ ರೈಲಿನಲ್ಲಿ ಬರುವ ಒಬ್ಬ ಹುಡುಗ ಲುಬ್ಧಕದ ಗ್ರಾಫ್ ತಂದು, "ಮೇಡಂ, 760ರಲ್ಲಿ ಇಷ್ಟು ದೊಡ್ಡ ಹಳ್ಳ ಇದೆ, ಪುಸ್ತಕದಲ್ಲಿ ಈ ನಕ್ಷತ್ರಕ್ಕೆ ಇಂಥ ಗೆರೆ ಇಲ್ಲ" ಅಂದ. ನಾನು ಉತ್ತರ ಹೇಳಲಿಲ್ಲ. ನಕ್ಷತ್ರ ಎತ್ತರದಲ್ಲಿದ್ದಾಗ ಒಂದು, ಕೆಳಗಿಳಿದಾಗ ಒಂದು ತಗೋ ಅಂದೆ. ಕೆಳಗಿಳಿದಾಗ ಹಳ್ಳ ಇನ್ನೂ ಆಳವಾಯಿತು. ಅವನೇ ಹಿಡಿದ, ಇದು ನಕ್ಷತ್ರದ್ದಲ್ಲ, ನಮ್ಮ ಗಾಳಿಯ ಆಕ್ಸಿಜನ್ನು. ನಕ್ಷತ್ರ ತಗ್ಗಿದಷ್ಟೂ ಬೆಳಕು ದಾಟುವ ಗಾಳಿ ಹೆಚ್ಚು. ಈ ಉಪಕರಣಕ್ಕೆ ನಾನು ಅಂಕ ಕೊಡುವುದು ಇಂಥದ್ದಕ್ಕೆ. ಗ್ರಾಫಿನಲ್ಲಿ ಕಂಡದ್ದರಲ್ಲಿ ನಕ್ಷತ್ರದ ಪಾಲೆಷ್ಟು, ಗಾಳಿಯದೆಷ್ಟು, ಕ್ಯಾಮೆರಾದ್ದೆಷ್ಟು ಅಂತ ಬಿಡಿಸುವ ಕೆಲಸವನ್ನು ಇದು ನಮ್ಮ ತಲೆಗೇ ಕಟ್ಟುತ್ತದೆ.

ದೊಡ್ಡ ವೀಕ್ಷಣಾಲಯದ ಕೆಲಸ ಅಂತ ಮೊದಲೇ ಅಂದೆನಲ್ಲ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ, ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ಅದನ್ನು ನಡೆಸುತ್ತಾರೆ. ಅದರ ಎಚ್‌ಎಫ್‌ಒಎಸ್‌ಸಿ ಅನ್ನುವ ಉಪಕರಣದಲ್ಲಿ ಬೆಳಕನ್ನು ಬಿಡಿಸುವುದು ಗ್ರಿಸಂ, ಅಂದರೆ ಪ್ರಿಸಂ ಮೇಲೆ ಕೂರಿಸಿದ ಗ್ರೇಟಿಂಗ್. ಸೂಪರ್‌ನೋವಾ ನೋಡುವವರು ಹೆಚ್ಚಾಗಿ ಬಳಸುವ 7ನೇ ನಂಬರಿನ ಗ್ರಿಸಂ 350ರಿಂದ 780 ನ್ಯಾನೊಮೀಟರ್‌ವರೆಗೆ ತೋರಿಸುತ್ತದೆ. ತರಂಗಾಂತರ ಗುರುತು ಹಾಕಲು ಅಲ್ಲಿ ಕಬ್ಬಿಣ-ಆರ್ಗಾನ್ ದೀಪ, ಕಬ್ಬಿಣ-ನಿಯಾನ್ ದೀಪ. ನಮ್ಮಲ್ಲಿ ಹಳೆಯ ಸಿಎಫ್‌ಎಲ್ ಬಲ್ಬು. ಒಂದು ಹೊಲಿಗೆ ಸೂಜಿಯನ್ನು ದೂರ ನಿಲ್ಲಿಸಿ, ಅದರ ಮೈಮೇಲೆ ಬಲ್ಬಿನ ಬೆಳಕು ಮಿನುಗುವ ಹಾಗೆ ಮಾಡಿ ಆ ಹೊಳಪನ್ನೇ ಫೋಟೊ ತೆಗೆದರೆ ಪಾದರಸದ 435.8, 546.1ರ ಗೆರೆಗಳು ಸೂಜಿಯಷ್ಟೇ ಚೂಪಾಗಿ ಸಿಗುತ್ತವೆ. ಆಮೇಲೆ ಮುಚ್ಚಳ ಹಾಕಿ ತೆಗೆದ ಕತ್ತಲ ಚಿತ್ರವನ್ನು ನಕ್ಷತ್ರದ ಚಿತ್ರದಿಂದ ಕಳೆಯುವುದು, ಪಟ್ಟಿಯಿಂದ ಗ್ರಾಫ್ ತೆಗೆಯುವುದು, ಗೊತ್ತಿರುವ ನಕ್ಷತ್ರ ಇಟ್ಟುಕೊಂಡು ಕ್ಯಾಮೆರಾದ ಪಕ್ಷಪಾತ ಸರಿ ಮಾಡುವುದು, ಇದೆಲ್ಲ ಅಲ್ಲೂ ಇದೇ ಸರದಿ. ದೊಡ್ಡ ಟೆಲಿಸ್ಕೋಪಿನಲ್ಲಿ ಸಮಯ ಸಿಗಬೇಕಾದರೆ ಪ್ರಸ್ತಾವ ಬರೆಯಬೇಕು, ಸಮಿತಿ ಒಪ್ಪಬೇಕು, ಆ ರಾತ್ರಿ ಮೋಡ ಇರಬಾರದು. ಟೆರೇಸಿನಲ್ಲಿ ಕೆಲಸ ಕಲಿತ ಮಕ್ಕಳು ಅಂಥ ರಾತ್ರಿಯನ್ನು ಹಾಳು ಮಾಡುವುದು ಕಡಿಮೆ.

ಸಾಫ್ಟ್‌ವೇರಿನ ಬಗ್ಗೆ ಎರಡು ಮಾತು. ಆರ್‌ಸ್ಪೆಕ್ ದುಡ್ಡು ಕೊಟ್ಟು ತಗೊಳ್ಳುವಂಥದ್ದು, ಬಾಸ್ ಪ್ರಾಜೆಕ್ಟ್ ಉಚಿತ. ಶಾಲಾ ಮಕ್ಕಳಿಗೆ ತೋರಿಸಲು ಆರ್‌ಸ್ಪೆಕ್ ಸಲೀಸು. ಡಿಗ್ರಿ ಮಕ್ಕಳಿಗೆ ನಾನು ಎರಡನ್ನೂ ಮೊದಲು ಕೊಡುವುದಿಲ್ಲ. ಪೈಥಾನಿನಲ್ಲಿ ಅವರೇ ಪಿಕ್ಸೆಲ್ ಕೂಡಿಸಿ ಗ್ರಾಫ್ ಎಳೆಯಲಿ, ಬೈದುಕೊಳ್ಳಲಿ, ಆಮೇಲೆ ಬಟನ್ ಒತ್ತಲಿ.

ಇದರಿಂದ ನಿಜವಾದ ಸಂಶೋಧನೆ ಆಗುತ್ತಾ ಅಂದರೆ, ಒಂದು ಮಿತಿಯಲ್ಲಿ ಆಗುತ್ತೆ. ಹೊಸ ನೋವಾ, ಅಂದರೆ ಇದ್ದಕ್ಕಿದ್ದಂತೆ ಪ್ರಖರವಾಗುವ ನಕ್ಷತ್ರ, ಕಾಣಿಸಿಕೊಂಡಾಗ ಅದರ ಹೈಡ್ರೊಜನ್ ಗೆರೆ ಉಬ್ಬಿದೆಯಾ ಅಂತ ನೋಡಿ ಹೇಳುವುದಕ್ಕೆ ಇಂಥ ಉಪಕರಣ ಸಾಕು. ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘ ಹವ್ಯಾಸಿಗಳು ತೆಗೆದ ವರ್ಣಪಟಲಗಳನ್ನೂ ಸಂಗ್ರಹಿಸುತ್ತದೆ. ನಮ್ಮ ಮಕ್ಕಳು ಈಗ ಹಿಂದೆ ಬಿದ್ದಿರುವುದು ಕನ್ಯಾ ರಾಶಿಯ 3ಸಿ 273 ಕ್ವೇಸಾರಿನ, ಅಂದರೆ ಬಹುದೂರದ ಗೆಲಾಕ್ಸಿಯೊಂದರ ಪ್ರಖರ ನಡುಭಾಗದ. 1963ರಲ್ಲಿ ಮಾರ್ಟೆನ್ ಶ್ಮಿಟ್ ಅದರ ಗೆರೆಗಳು ತರಂಗಾಂತರದ 0.158 ಪಾಲಿನಷ್ಟು ಕೆಂಪಿಗೆ ಸರಿದಿರುವುದನ್ನು ಗುರುತಿಸಿದ್ದರು. ಸರಿತ ಅಷ್ಟು ದೊಡ್ಡದಿರುವುದರಿಂದ ಈ ಗಾಜಿಗೂ ಸಿಗಬೇಕು, ಸಿಕ್ಕವರೂ ಇದ್ದಾರೆ. ಚೇಷ್ಟೆ ಏನು ಗೊತ್ತಾ, ಅದರ ಕೆಂಪು ಹೈಡ್ರೊಜನ್ ಗೆರೆ ಸರಿದು ಬಂದು ಕೂರುವುದು ಸರಿಯಾಗಿ 760ರಲ್ಲಿ, ಅದೇ ಆಕ್ಸಿಜನ್ ಹಳ್ಳದ ಮೇಲೆ! ಹಾಗಾಗಿ 486.1ರ ಗೆರೆಯನ್ನು 563ರ ಹತ್ತಿರ ಹುಡುಕಬೇಕು. 13ನೇ ಕಾಂತಿಮಾನದ ಮಂಕು ವಸ್ತು, ನಮ್ಮ ಟೆಲಿಸ್ಕೋಪು ಬೇರೆ ತಾನಾಗಿ ತಿರುಗಲ್ಲ. ಇನ್ನೂ ಸಿಕ್ಕಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ನೆಬುಲಾ, ಗೆಲಾಕ್ಸಿಯ ವರ್ಣಪಟಲ ಬೇಕು ಅನ್ನುವವರು ಸೀಳುಗಂಡಿ ಇರುವ ಸ್ಪೆಕ್ಟ್ರೋಗ್ರಾಫಿಗೆ ದುಡ್ಡು ಕೂಡಿಡಿ, ಇದು ನಿಮಗಲ್ಲ. ಇದನ್ನೇ ತಗೊಳ್ಳುವವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿಡಿ, ಮಳೆಗಾಲದ ಬೂಷ್ಟು ಯಾವ ಗಾಜನ್ನೂ ಬಿಡುವುದಿಲ್ಲ. ಸೂರ್ಯನ ಕಡೆ ತಪ್ಪಿಯೂ ತಿರುಗಿಸಬೇಡಿ. ಲೆನ್ಸಿಗೆ ರಿಂಗ್ ಬೇಕಾದವರು ಯಾವ ಲೇತಿಗೆ ಹೋದರೂ ಈ ಅಳತೆ ಕೊಡಿ: ಗ್ರೇಟಿಂಗ್ ಕಡೆ 28.5 ಮಿಲಿಮೀಟರ್ ಒಳ ಥ್ರೆಡ್, 0.6 ಪಿಚ್, ಲೆನ್ಸ್ ಕಡೆ ನಿಮ್ಮ ಲೆನ್ಸಿನ ಫಿಲ್ಟರ್ ಅಳತೆಯ (52 ಮಿಲಿಮೀಟರಿನದ್ದಾದರೆ 52) ಹೊರ ಥ್ರೆಡ್, 0.75 ಪಿಚ್. ಒಳಗಡೆ ಕಪ್ಪು ಬಣ್ಣ ಬಳಿಯಲು ಹೇಳಿ.