ರೆವರೆಂಡ್ ಹಾರ್ಟನ್ ಹೀಟ್, 1993ರ ಆಲ್ಬಂ: ದೂರು ಹಾಡಿನದೋ, ಸ್ಪೀಕರಿನದೋ?

ಹೆಸರು ನೋಡಿ ಮೋಸಹೋಗಬೇಡಿ. ‘ದ ಫುಲ್-ಕಸ್ಟಮ್ ಗಾಸ್ಪೆಲ್ ಸೌಂಡ್ಸ್ ಆಫ್ ದ ರೆವರೆಂಡ್ ಹಾರ್ಟನ್ ಹೀಟ್’ ಅಂದರೂ ಒಳಗೆ ಭಜನೆಯೇನೂ ಇಲ್ಲ. ರೆವರೆಂಡ್ ಹಾರ್ಟನ್ ಹೀಟ್ ಅನ್ನುವುದು ತಂಡದ ಹೆಸರು. ಟೆಕ್ಸಸ್‌ನ ಡಲ್ಲಾಸ್‌ನವರು, ಈ ಆಲ್ಬಂನಲ್ಲಿ ಮೂರೇ ಜನ: ಗಿಟಾರ್ ಮತ್ತು ಹಾಡುಗಾರಿಕೆ ಜಿಮ್ ಹೀತ್, ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ಜಿಂಬೋ ವಾಲೇಸ್, ಡ್ರಮ್ಸ್ ಟ್ಯಾಜ್ ಬೆಂಟ್ಲಿ. ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿ ಹೊರತಂದ 12 ಹಾಡುಗಳ ಈ ಆಲ್ಬಂಗೆ ಬಟ್‌ಹೋಲ್ ಸರ್ಫರ್ಸ್ ತಂಡದ ಗಿಬಿ ಹೇನ್ಸ್ ನಿರ್ಮಾಪಕ.

ಕೇಳುಗರಲ್ಲಿ ಒಮ್ಮತವಿಲ್ಲ. ಪಂಕ್ ಕಡೆಯಿಂದ ಬಂದವರಿಗೆ ಇದರಲ್ಲಿ ಕಂಟ್ರಿ ಜಾಸ್ತಿ, ಕಂಟ್ರಿ, ರಾಕ್ ಅಂಡ್ ರೋಲ್ ಬೆರೆತ ಹಳೆಯ ರಾಕಬಿಲಿ ಮೆಚ್ಚುವವರಿಗೆ ಗದ್ದಲ ಜಾಸ್ತಿ. 1980ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಸೈಕೋಬಿಲಿ (ರಾಕಬಿಲಿ, ಪಂಕ್ ಬೆರೆತ ಶೈಲಿ) ತಂಡ ಮೀಟಿಯರ್ಸ್ ಅನ್ನೇ ಅಳತೆಗೋಲಾಗಿ ಇಟ್ಟುಕೊಂಡವರು ‘ದೆವ್ವ-ಪಿಶಾಚಿಗಳ ಭಯವೇ ಇಲ್ಲದ ಮೇಲೆ ಇದೆಂಥ ಸೈಕೋಬಿಲಿ?’ ಎನ್ನುತ್ತಾರೆ. ಇವೆಲ್ಲ ರುಚಿಯ ಮಾತು, ಇರಲಿ. ‘ಸದ್ದು ತೆಳ್ಳಗಿದೆ, ಬರೀ ಟಕಟಕ’ ಎಂಬ ದೂರು ಮಾತ್ರ ಬೇರೆ ಜಾತಿಯದು. ಅದರ ಮೂಲ ಬಹುಪಾಲು ಕೇಳುವ ಸಾಧನದಲ್ಲಿದೆ.

ಸ್ಲ್ಯಾಪ್ ಬೇಸ್‌ನಲ್ಲಿ (ಡಬಲ್ ಬೇಸ್ ತಂತಿಗಳನ್ನು ಬಡಿದು ನುಡಿಸುವ ಈ ಶೈಲಿಯಲ್ಲಿ) ಒಂದೇ ಕೈಯಿಂದ ಎರಡು ಸದ್ದು ಹುಟ್ಟುತ್ತದೆ. ತಂತಿಯನ್ನು ಎಳೆದು ಬಿಟ್ಟಾಗ ಸ್ವರ. ಅಂಗೈಯಿಂದ ತಂತಿಗಳನ್ನು ಫಿಂಗರ್‌ಬೋರ್ಡಿಗೆ ಬಡಿದಾಗ ‘ಟಕ್’. ತಮಟೆಯ ದಪ್ಪ ಕಡ್ಡಿ, ಸಣ್ಣ ಕಡ್ಡಿ ನೆನೆಸಿಕೊಳ್ಳಿ. ಡಬಲ್ ಬೇಸ್‌ನ ಕೆಳಗಿನ ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ‘ಟಕ್’ ಇರುವುದು ಸಾವಿರಾರು ಹರ್ಟ್ಸ್‌ನಲ್ಲಿ. ಫೋನಿನ ಸ್ಪೀಕರ್ 41 ಹರ್ಟ್ಸ್ ಆಳಕ್ಕೆ ಇಳಿಯುವುದೇ ಇಲ್ಲ, ಅಂಗೈಯಗಲದ ಬ್ಲೂಟೂತ್ ಡಬ್ಬಿಯೂ ಅಷ್ಟೆ. ದಪ್ಪ ಕಡ್ಡಿ ಮಾಯವಾಗಿ ಸಣ್ಣ ಕಡ್ಡಿಯೊಂದೇ ಉಳಿದರೆ ತೆಳ್ಳಗೆ ಕೇಳದೆ ಇನ್ನೇನು?

ಆಗ ಎಲ್ಲರೂ ಮಾಡುವುದು ‘ಬೇಸ್ ಬೂಸ್ಟ್’ ಒತ್ತುವ ಕೆಲಸ. ಅದರಿಂದ ಕಿಕ್ ಡ್ರಮ್ಮೂ ಬೇಸೂ ಕಲಸಿಕೊಂಡು ಅಂಬಲಿಯಾಗುತ್ತದೆ. ಬೂಸ್ಟ್ ಆಫ್ ಮಾಡಿ, ಕಿವಿಯೊಳಗೆ ಸರಿಯಾಗಿ ಕೂರುವ ಇಯರ್‌ಫೋನ್ ಹಾಕಿ, ಈಕ್ವಲೈಸರ್‌ನಲ್ಲಿ 60–100 ಹರ್ಟ್ಸ್ ಅನ್ನು 2 ಡೆಸಿಬೆಲ್ ಏರಿಸಿ, 250ರ ಆಸುಪಾಸು 2–3 ಇಳಿಸಿ. 2–3 ಕಿಲೋಹರ್ಟ್ಸ್ ಮುಟ್ಟಬೇಡಿ, ‘ಟಕ್’ನ ಜೀವ ಅಲ್ಲಿದೆ. ಸಿಂಬಲ್ ಕಿವಿ ಚುಚ್ಚಿದರೆ 7 ಕಿಲೋಹರ್ಟ್ಸ್ ಹತ್ತಿರ 2 ಇಳಿಸಿದರೆ ಸಾಕು. ಇಂದಿನ ಹಾಡುಗಳ ನಡುವೆ ಬಂದಾಗ ಇದು ಸೊರಗಿದಂತೆ ಕೇಳಿದರೆ ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ.

ಮೊದಲ ಹಾಡಿನಿಂದಲೇ ಶುರುಮಾಡಬೇಕಿಲ್ಲ. ‘ದ ಡೆವಿಲ್ಸ್ ಚೇಸಿಂಗ್ ಮಿ’ ಅಷ್ಟು ಅವಸರದ್ದಲ್ಲ. ಬೇಸ್ ಎಲ್ಲಿ ನಡೆಯುತ್ತದೆ, ಎಲ್ಲಿ ಬಡಿಯುತ್ತದೆ ಎಂಬುದು ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಆ ಕಿವಿಯೊಂದಿಗೆ ‘400 ಬಕ್ಸ್’ಗೆ ಹೋದರೆ ಮುಂಚೆ ಗದ್ದಲವೆನಿಸಿದ್ದರಲ್ಲಿ ಲೆಕ್ಕಾಚಾರ ಕಾಣುತ್ತದೆ.

ಗಿಟಾರ್ ನುಡಿಸುವವರಿಗೆ ಒಂದು ಮಾತು. ಈ ಶೈಲಿಯ ಸ್ಲ್ಯಾಪ್‌ಬ್ಯಾಕ್ ಪ್ರತಿಧ್ವನಿ 1950ರ ದಶಕದ ಮೆಂಫಿಸ್‌ನ ಸನ್ ಸ್ಟುಡಿಯೋದ ಟೇಪ್ ಯಂತ್ರಗಳ ಬಳುವಳಿ. ಡಿಲೇ ಪೆಡಲ್‌ನಲ್ಲಿ ಸುಮಾರು 120 ಮಿಲಿಸೆಕೆಂಡ್, ಒಂದೇ ಮರುದನಿ, ಮಿಕ್ಸ್ ಕಾಲುಭಾಗದಿಂದ ಆರಂಭಿಸಿ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಅರ್ಧ ಬೀಟ್ ಅಂದರೆ 150 ಮಿಲಿಸೆಕೆಂಡ್. ಮರುದನಿ ಅದಕ್ಕಿಂತ ಚೂರು ಮೊದಲೇ ಬರುವುದರಿಂದ ಹಾಡನ್ನು ಹಿಂದಿನಿಂದ ನೂಕಿದಂತಿರುತ್ತದೆ. ಫೀಡ್‌ಬ್ಯಾಕ್ ಏರಿಸಿ ಮೂರ್ನಾಲ್ಕು ಮರುದನಿ ಬಿಟ್ಟರೆ ಮುಂದಿನ ಸ್ವರಗಳೆಲ್ಲ ಅದರಡಿ ಹೂತುಹೋಗುತ್ತವೆ. ಡಿಸ್ಟಾರ್ಷನ್ ಕೂಡ ಕಡಿಮೆಯಿರಲಿ, ಹಾಲೋಬಾಡಿ ಗಿಟಾರ್ ಆದರೆ ಜೋರು ವಾಲ್ಯೂಮಿಗೆ ಬೇಗ ಊಳಿಡುತ್ತದೆ.

ಕೊರತೆಯಿಲ್ಲವೆಂದಲ್ಲ. ‘ವಿಗಲ್ ಸ್ಟಿಕ್’ನ ದ್ವಂದ್ವಾರ್ಥದ ತಮಾಷೆ ಹತ್ತನೇ ಸಲಕ್ಕೆ ಹಳಸುತ್ತದೆ. ‘ನರ್ಚರ್ ಮೈ ಪಿಗ್’ ಬರೀ ಕಿರುಚಾಟ. ಯಾವ ಈಕ್ವಲೈಸರೂ ಅದನ್ನು ಉಳಿಸದು. ಆಕಾಶದಿಂದ ಮಾದಕವಸ್ತುವಿನ ಮೂಟೆ ಬಿದ್ದು ರೈತನ ಬದುಕು ಬದಲಾಗುವ ‘ಬೇಲ್ಸ್ ಆಫ್ ಕೊಕೇನ್’ ಮಾತ್ರ ಎಷ್ಟು ಸಲ ಕೇಳಿದರೂ ನಗು ತರಿಸುತ್ತದೆ, ಮಕ್ಕಳಿರುವ ಕಾರಿನಲ್ಲಿ ಹಾಕುವಂಥದ್ದಲ್ಲ ಅಷ್ಟೆ. ಇಷ್ಟು ಕೇಳಿ ಸುಸ್ತಾದವರು ಕೊನೆಯ ‘ಜಿನ್ ಅಂಡ್ ಟಾನಿಕ್ ಬ್ಲೂಸ್’ಗೆ ಮೊದಲೇ ಎದ್ದು ಹೋಗುವುದುಂಟು. ತಂಡ ನಿಧಾನವಾಗಿಯೂ ನುಡಿಸಬಲ್ಲದು ಎಂಬುದು ಚೆನ್ನಾಗಿ ಗೊತ್ತಾಗುವುದು ಅಲ್ಲಿ.