ಅಗ್ಗದ ಸ್ಕೋಪ್ ನಂಬಿ ಕ್ಯಾನ್ ಲೈನ್ ಹಾಳಾಗಿದೆ ಅಂತ ಹೇಳಬೇಡಿ, ನಾನು ಹೇಳಿ ಮರ್ಯಾದೆ ಕಳ್ಕೊಂಡೆ

ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾಡೋರು ದಯವಿಟ್ಟು ಪೂರ್ತಿ ಓದಿ. ಸ್ಕೋಪ್ ಅಂದರೆ ಆಸಿಲೋಸ್ಕೋಪ್, ವೋಲ್ಟೇಜಿನ ಏರಿಳಿತವನ್ನು ಸ್ಕ್ರೀನ್ ಮೇಲೆ ಅಲೆಯಾಗಿ ತೋರಿಸುವ ಮೆಷಿನ್. ಕ್ಯಾನ್ ಲೈನ್ ಅಂದರೆ ಕಾರಿನ ಕಂಪ್ಯೂಟರ್ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರು. ಸ್ಕೋಪಿಗೆ ಕೊಟ್ಟ 3,400 ರೂಪಾಯಿ ಹೋಯಿತು, ಹೋಗಲಿ. ಎಷ್ಟೋ ವರ್ಷದಿಂದ ನನ್ನ ಹತ್ತಿರವೇ ಗಾಡಿ ಬಿಡುತ್ತಿದ್ದ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತೆನಲ್ಲ, ಅದನ್ನು ಮರೆಯೋಕೆ ಆಗ್ತಿಲ್ಲ.

ಸ್ಕೋಪ್ ತಗೊಂಡಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಅಂಗೈ ಅಗಲದ್ದು, ಚಾರ್ಜ್ ಮಾಡಿ ಜೇಬಿಗೆ ಹಾಕಿಕೊಳ್ಳಬಹುದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '10ಎಂ' ಅಂತಿತ್ತು. "ಕಾರಿಗೆ ಬೇಕು, ಕ್ಯಾನ್ ಲೈನ್ ನೋಡಬಹುದಾ?" ಎಂದು ಎರಡು ಸಲ ಕೇಳಿದೆ. ಎರಡು ಸಲ! "10 ಮೆಗಾಹರ್ಟ್ಝ್ ಸಾರ್, ಆರಾಮಾಗಿ ನೋಡಿ. ಕಾರಲ್ಲಿರೋದು 12 ವೋಲ್ಟು, ಇದು 50 ತಡ್ಕೊಳ್ಳುತ್ತೆ. ಇಂಜೆಕ್ಟರ್, ಕಾಯಿಲ್ ಎಲ್ಲಕ್ಕೂ ಹಾಕಿ" ಎಂದರು ಅಂಗಡಿಯವರು.

ಮೊದಲ ವಾರ ಖುಷಿಯೋ ಖುಷಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ವೋಲ್ಟೇಜ್ ಎಷ್ಟು ಕುಸಿಯುತ್ತೆ, ಇಂಜಿನ್ ತಿರುಗೋದನ್ನು ಓದುವ ಕ್ರ್ಯಾಂಕ್ ಸೆನ್ಸರ್‌ನ ಅಲೆಯಲ್ಲಿ ಚಕ್ರದ ಹಲ್ಲು ಇಲ್ಲದ ಜಾಗ, ಎಲ್ಲ ಚೆನ್ನಾಗಿ ಕಾಣಿಸಿತು. ನಂಬಿಕೆ ಬಂದದ್ದು ಅಲ್ಲೇ.

ಆಮೇಲೆ ಮೇಷ್ಟ್ರ ಕಾರು ಬಂತು. ಓಡುತ್ತಿರುವಾಗ ಇದ್ದಕ್ಕಿದ್ದಂತೆ ಸ್ಟೀರಿಂಗ್ ಬಿಗಿ, ಮೀಟರಿನಲ್ಲಿ ಲೈಟುಗಳೆಲ್ಲ ಒಟ್ಟಿಗೆ. ಸ್ವಲ್ಪ ಹೊತ್ತಿಗೆ ತಾನೇ ಸರಿ. ಸ್ಕ್ಯಾನರ್ ಹಾಕಿದರೆ ಯು0131, ಅಂದರೆ ಪವರ್ ಸ್ಟೀರಿಂಗ್ ಮಾಡ್ಯೂಲ್ ಜೊತೆ ಮಾತು ಕಡಿದಿದೆ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್‌ನಲ್ಲಿ ಕ್ಯಾನ್ ಲೈನಿನ ಎರಡು ವೈರು ಬರುವ 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರ್ ಇಟ್ಟೆ. 60 ಓಮ್. ಲೈನಿನ ಎರಡು ತುದಿಯಲ್ಲಿರುವ 120 ಓಮ್‌ನ ಒಂದೊಂದು ರೆಸಿಸ್ಟರ್ ಪ್ಯಾರಲಲ್ ಆಗಿ ಸೇರಿ ಬರಬೇಕಾದ್ದೇ ಅದು. ಅಲ್ಲಿಗೇ ನಿಲ್ಲಬೇಕಿತ್ತು ನಾನು.

ನಿಲ್ಲಲಿಲ್ಲ. ಬ್ಯಾಟರಿ ಮತ್ತೆ ಕೊಟ್ಟು ಸ್ಕೋಪ್ ಹಾಕಿದೆ. ಜೋಡಿ ವೈರಲ್ಲಿ ಒಂದಾದ ಕ್ಯಾನ್ ಹೈ 2.5ರಿಂದ 3.5 ವೋಲ್ಟ್‌ಗೆ ಗೋಡೆ ಥರ ನೇರ ಏರಬೇಕು, ನೇರ ಇಳಿಯಬೇಕು. ಇದರಲ್ಲಿ ಕಂಡದ್ದು ಮರಳಿನ ಗುಡ್ಡೆ. ಅಂಚುಗಳೆಲ್ಲ ವಾಲಿಕೊಂಡು ಏರುತ್ತಿವೆ, ಮೇಲೆ ಮುಟ್ಟೋ ಮೊದಲೇ ಇಳಿಯುತ್ತಿವೆ. ಮೇಷ್ಟ್ರನ್ನು ಕರೆದು ಸ್ಕ್ರೀನ್ ತೋರಿಸಿದೆ. "ನೋಡಿ ಸಾರ್, ವೈರಿಂಗ್ ಹಾಳಾಗಿದೆ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಅಂದರೆ ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ. ಎರಡು ದಿನ ಡ್ಯಾಶ್‌ಬೋರ್ಡ್ ಬಿಚ್ಚಿ, ಹಾರ್ನೆಸ್‌ನ (ವೈರಿನ ಕಟ್ಟಿನ) ಟೇಪ್ ಸುಲಿದು ಹುಡುಕಿದೆ. ಏನೂ ಸಿಗಲಿಲ್ಲ. ಸಿಗೋದಾದರೂ ಹೇಗೆ, ವೈರು ಸರಿಯಾಗೇ ಇತ್ತು!

ಮೇಷ್ಟ್ರು ಕಾರು ತಗೊಂಡು ಬೇರೆ ಕಡೆ ಹೋದರು. ಅಲ್ಲಿಯವನು ಬ್ಯಾಟರಿ ಟ್ರೇ ತೆಗೆದ. ಬ್ಯಾಟರಿಯಿಂದ ಕಾರಿನ ಬಾಡಿಯ ಕಡೆ ಹೋಗುವ ಅರ್ತ್ ಸ್ಟ್ರಾಪಿನ ಬೋಲ್ಟ್ ಕೆಳಗೆ ಹಸಿರು ಪುಡಿ ಕಟ್ಟಿತ್ತಂತೆ. ಉಜ್ಜಿ ಬಿಗಿ ಮಾಡಿದ, ಮುಗೀತು. ಸ್ಟೀರಿಂಗ್ ಮೋಟರ್ ಜಾಸ್ತಿ ಕರೆಂಟ್ ಎಳೆದಾಗ ಅರ್ತ್ ಸಾಲದೆ ಮಾಡ್ಯೂಲ್ ಆಫ್ ಆಗುತ್ತಿತ್ತು. ಮೇಷ್ಟ್ರು ಬಂದು ಬೈಯಲಿಲ್ಲ. "ಏನಪ್ಪಾ, ಮೆಷಿನ್ ತೋರಿಸಿ ಹೇಳಿದೆಯಲ್ಲ, ಅದಕ್ಕೇ ನಂಬಿದೆ" ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ತಂಗಿ ಮಗ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ. ಅವರ ಲ್ಯಾಬಿನ ಸಿಗ್ನಲ್ ಜನರೇಟರ್‌ಗೆ ಸ್ಕೋಪ್ ಹಾಕಿಸಿದೆ. 10 ಕಿಲೋಹರ್ಟ್ಝ್‌ನಲ್ಲಿ 5 ವೋಲ್ಟ್ ಕೊಟ್ಟರೆ 5 ತೋರಿಸಿತು. 200ಕ್ಕೆ ಏರಿಸಿದರೆ ಮೂರೂವರೆ. 500ಕ್ಕೆ 2 ವೋಲ್ಟ್‌ಗೂ ಕಡಿಮೆ. ಅಂದರೆ ಇದರ ಬ್ಯಾಂಡ್‌ವಿಡ್ತ್, ಸಿಗ್ನಲನ್ನು ಹೆಚ್ಚು ಸವೆಸದೆ ತೋರಿಸೋ ಮಿತಿ, ಬರೀ 200 ಕಿಲೋಹರ್ಟ್ಝ್. ಡಬ್ಬದ ಮೇಲಿನ 10ಎಂ ಸ್ಯಾಂಪಲ್ ರೇಟು, ಸೆಕೆಂಡಿಗೆ ಒಂದು ಕೋಟಿ ಚುಕ್ಕಿ ಇಡುತ್ತೆ ಅಂತ. ಚುಕ್ಕಿ ಎಷ್ಟಿಟ್ಟರೇನು, ಒಳಗೆ ಬರುವ ಹೊತ್ತಿಗೇ ಸಿಗ್ನಲ್ ಸವೆದು ಹೋಗಿದ್ದರೆ? 500 ಕೆಬಿಪಿಎಸ್ (ಸೆಕೆಂಡಿಗೆ 5 ಲಕ್ಷ ಬಿಟ್) ಕ್ಯಾನ್‌ನಲ್ಲಿ ಒಂದು ಬಿಟ್ ಅಂದರೆ 2 ಮೈಕ್ರೊಸೆಕೆಂಡ್. ಅಷ್ಟು ಬೇಗದ ಏರಿಳಿತ ಈ ಸ್ಕೋಪಿಗೆ ಹಿಡಿಯೋಕಾಗಲ್ಲ. ಗುಡ್ಡೆ ಇದ್ದದ್ದು ಕಾರಿನಲ್ಲಲ್ಲ, ಸ್ಕೋಪಿನಲ್ಲಿ.

ಅಂಗಡಿಗೆ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಪ್ರೋಬ್ ಸರಿಯಾಗಿ ಹಿಡೀರಿ ಸಾರ್." ಲ್ಯಾಬಿನ ಫೋಟೋ ಕಳಿಸಿದೆ. "10ಎಂ ಅಂತ ಬರೆದಿದೆ, ಹರ್ಟ್ಝ್ ಅಂತ ಎಲ್ಲಿ ಬರೆದಿದೆ ತೋರಿಸಿ." ಬಾಯಲ್ಲಿ ಮೆಗಾಹರ್ಟ್ಝ್ ಅಂದವರು ಯಾರು ಹಾಗಾದ್ರೆ? ವಾಪಸ್ ತಗೊಳ್ಳಿ ಎಂದೆ. "ಇಂಜೆಕ್ಟರ್‌ಗೆ ಏನಾದ್ರೂ ಹಾಕಿದ್ರಾ?" ಹಾಕಿದ್ದೆ, ನೀವೇ ಹಾಕಿ ಅಂದಿರಿ ಎಂದೆ. "ಹಾಗಾದ್ರೆ ವಾರಂಟಿ ಇಲ್ಲ. 50 ವೋಲ್ಟ್ ದಾಟುತ್ತೆ." ನೋಡಿ! ಇಂಜೆಕ್ಟರ್ ಆಫ್ ಆಗುವಾಗ 60, 70 ವೋಲ್ಟ್ ಒದೆಯುತ್ತೆ, ಇಗ್ನಿಷನ್ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ 300ರ ಮೇಲೆ. ಇದು ಅವರಿಗೆ ಮೊದಲೇ ಗೊತ್ತಿತ್ತು. ಮಾರುವಾಗ 12 ವೋಲ್ಟು, ವಾಪಸ್ ಕೇಳಿದಾಗ 50 ದಾಟುತ್ತೆ.

ತಗೊಳ್ಳೋರು ಬ್ಯಾಂಡ್‌ವಿಡ್ತ್ ಎಷ್ಟು ಅಂತಲೇ ಕೇಳಿ, ಬಿಲ್ಲಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಕ್ಯಾನ್ ನೋಡೋಕೆ ಕಡಿಮೆ ಅಂದರೂ 5, 10 ಮೆಗಾಹರ್ಟ್ಝ್ ಬೇಕು. ಇಂಜೆಕ್ಟರ್‌ಗೆ, ವೋಲ್ಟೇಜನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುವ 10ಎಕ್ಸ್ ಪ್ರೋಬ್ ಇಲ್ಲದೆ ಹಾಕಲೇಬೇಡಿ. ಕಾಯಿಲ್‌ಗೆ ಅಟೆನ್ಯುಯೇಟರ್ (ವೋಲ್ಟೇಜ್ ತಗ್ಗಿಸುವ ಅಡಾಪ್ಟರ್) ಬೇಕೇ ಬೇಕು. ಮತ್ತೆ ಎಲ್ಲಕ್ಕಿಂತ ಮೊದಲು ಅರ್ತ್ ನೋಡಿ: ಬ್ಯಾಟರಿ ನೆಗೆಟಿವ್ ಮತ್ತು ಕಾರಿನ ಬಾಡಿ ನಡುವೆ ಮೀಟರ್ ಇಟ್ಟು ಲೋಡ್ ಕೊಡಿ. ಎರಡು ನಿಮಿಷದ ಕೆಲಸ ಅದು, ನಾನು ಮಾಡಲಿಲ್ಲ.

ಮೇಷ್ಟ್ರ ಹತ್ತಿರ ಲೇಬರ್ ತಗೊಂಡಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚುವಾಗ ನನ್ನ ಕೈಯಲ್ಲಿ ಎರಡು ಕ್ಲಿಪ್ ಮುರಿದಿದ್ದವು, ಜೆ.ಸಿ. ರೋಡಿನಿಂದ ತರಿಸಿದ್ದೇನೆ. ಭಾನುವಾರ ಅವರ ಮನೆಗೇ ಹೋಗಿ ಹಾಕಿಕೊಟ್ಟು ಬರುತ್ತೇನೆ.