ಊರಿನ ಹಿರಿಯರ ಆರೈಕೆಗೆ ಯಾರನ್ನು ಗೊತ್ತುಮಾಡಬೇಕು: ಏಜೆನ್ಸಿಯೋ, ವ್ಯಾನೋ, ಊರಿನ ಸಿಸ್ಟರೋ?

ಹಾಸಿಗೆ ಹಿಡಿದ ಹಿರಿಯರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದಕ್ಕಾಗಿ ಕೊಡಗಿನ ನಾಪೋಕ್ಲು ಕಡೆಯ ನಮ್ಮ ಊರಿನ ಸಮಿತಿಯು ಮೂರು ಬಗೆಯ ಏರ್ಪಾಡುಗಳನ್ನು ಹಣ ಕೊಟ್ಟು ನೋಡಿದೆ. ಮೊದಲನೆಯದು ಮೈಸೂರಿನ ಹೋಮ್ ನರ್ಸಿಂಗ್ ಏಜೆನ್ಸಿ, ಎರಡನೆಯದು ಖಾಸಗಿ ನರ್ಸಿಂಗ್ ಹೋಮೊಂದರ ಸಂಚಾರಿ ವ್ಯಾನ್, ಮೂರನೆಯದು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಊರಿನಲ್ಲೇ ನೆಲೆಸಿರುವ ಸಿಸ್ಟರ್ (ನರ್ಸ್) ಒಬ್ಬರನ್ನು ತಿಂಗಳ ಗೌರವಧನದ ಮೇಲೆ ನೇರವಾಗಿ ಗೊತ್ತುಮಾಡಿಕೊಂಡದ್ದು. ಖಜಾಂಚಿಯಾಗಿ ಮೂರರ ಲೆಕ್ಕವನ್ನೂ ನೋಡಿದವನು ನಾನು. ನನ್ನ ಮತ ಮೂರನೆಯದಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸರ್ಕಾರದ ವ್ಯವಸ್ಥೆ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಗುಡ್ಡಗಾಡು ಪ್ರದೇಶಕ್ಕೆ 3,000 ಜನರಿಗೊಂದು ಉಪಕೇಂದ್ರ, 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇಡೀ ತೋಟವೇ ಇರುವ ಕೊಡಗಿನಲ್ಲಿ ತಲೆ ಎಣಿಸಿ ಮಾಡಿದ ಈ ಲೆಕ್ಕಕ್ಕೆ ದಾರಿಯ ದೂರ ಸಿಕ್ಕುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ವಿಚಾರಿಸಿ ಹೋಗುತ್ತಾರೆ, ಆದರೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ಮೂತ್ರ ಹೋಗಲು ಹಾಕಿದ ನಳಿಕೆಯನ್ನು, ಅಂದರೆ ಕ್ಯಾತಿಟರನ್ನು, ಬದಲಿಸುವುದು ಅವರ ಕೆಲಸವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವ ನೆರವು ಆಸ್ಪತ್ರೆಯ ಚಿಕಿತ್ಸೆಗೇ ಹೊರತು ಮನೆಯ ಆರೈಕೆಗಲ್ಲ. ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳಿಗೆಂದು ನಿಗದಿಯಾದ ವಾರ್ಷಿಕ 10,000 ರೂಪಾಯಿಯ ಮುಕ್ತ ನಿಧಿ ನರ್ಸ್ ಒಬ್ಬರ ಒಂದು ತಿಂಗಳ ಸಂಬಳಕ್ಕೂ ಸಾಲದು. ಆದ್ದರಿಂದ ಬೆಂಗಳೂರಿನಲ್ಲೂ ವಿದೇಶದಲ್ಲೂ ಇರುವ ಮಕ್ಕಳ ವಂತಿಗೆಯಿಂದಲೇ ನಮ್ಮ ಕೆಲಸ ನಡೆಯುತ್ತದೆ.

ಏಜೆನ್ಸಿಯ ನರ್ಸ್‌ಗಳ ತರಬೇತಿಯ ಬಗ್ಗೆ ನನ್ನ ತಕರಾರಿಲ್ಲ. ತೊಡಕು ಇದ್ದದ್ದು ಹಣ ಕೊಡುವ ರೀತಿಯಲ್ಲಿ. ಒಪ್ಪಂದದಲ್ಲಿ ಭೇಟಿಯೊಂದಕ್ಕೆ ಇಂತಿಷ್ಟು ಎಂದು ದರವಿತ್ತು, ತಿಂಗಳಿಗೆ ಕನಿಷ್ಠ ಇಷ್ಟು ಭೇಟಿಗಳಾಗಬೇಕೆಂಬ ಷರತ್ತೂ ಇತ್ತು. ಆ ಸಂಖ್ಯೆ ಒಂದು ತಿಂಗಳೂ ತಪ್ಪಲಿಲ್ಲ. ಆದರೆ ರಿಜಿಸ್ಟರನ್ನು ದಿನಾಂಕದ ಬದಲು ಮನೆವಾರು ಓದಿದಾಗ ಬೇರೆಯೇ ಚಿತ್ರ ಕಂಡಿತು. ಬಸ್ಸು ಓಡಾಡುವ ರಸ್ತೆಯ ಪಕ್ಕದ ಮನೆಗಳ ಹೆಸರುಗಳೇ ಮತ್ತೆ ಮತ್ತೆ ಬಂದಿದ್ದವು. ಅಂಗಳದಲ್ಲಿ ತಾವೇ ಓಡಾಡಿ ಕಾಫಿ ಒಣಹಾಕುವವರ ರಕ್ತದೊತ್ತಡವನ್ನು ವಾರ ತಪ್ಪದೆ ಅಳೆಯಲಾಗಿತ್ತು. ತೋಡಿನಾಚೆ, ಏರುದಾರಿಯ ಕೊನೆಯ ಮನೆಯಲ್ಲಿ ಬೆನ್ನು ಹುಣ್ಣಾಗಿ ಮಲಗಿದ್ದ ಅಜ್ಜಿಯ ಹೆಸರಿನ ಮುಂದೆ ‘ಮನೆಗೆ ಬೀಗ ಹಾಕಿತ್ತು’ ಎಂದು ಬರೆದಿತ್ತು. ಹಾಸಿಗೆಯಿಂದ ಏಳಲಾರದವರು ಬೀಗ ಹಾಕಿಕೊಂಡು ಎಲ್ಲಿಗೆ ಹೋಗಿದ್ದರೆಂದು ಸಮಿತಿಯಲ್ಲಿ ಯಾರೋ ಕೇಳಿದಾಗ ಏಜೆನ್ಸಿಯವರ ಬಳಿ ಉತ್ತರವಿರಲಿಲ್ಲ.

ಇದರಲ್ಲಿ ನರ್ಸ್‌ಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಜೂನ್ ತಿಂಗಳ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ಮೇಲಿನ ಒಂದು ಮನೆಗೆ ಹೋಗಿ ಬರುವ ಹೊತ್ತಿಗೆ ರಸ್ತೆಬದಿಯ ನಾಲ್ಕು ಮನೆಗಳು ಮುಗಿಯುತ್ತವೆ. ಎರಡಕ್ಕೂ ಭೇಟಿಯ ದರ ಒಂದೇ, ಜೀಪ್ ಬಾಡಿಗೆಯೂ ಏಜೆನ್ಸಿಯದೇ. ಕಿಲೋ ಲೆಕ್ಕದಲ್ಲಿ ಕಾಫಿ ಕುಯ್ಯಿಸಿದರೆ ಕೈಗೆಟುಕುವ ಕೊಂಬೆಗಳು ಬೇಗ ಬರಿದಾಗಿ ತುದಿಯ ಹಣ್ಣು ಗಿಡದಲ್ಲೇ ಉಳಿಯುವುದನ್ನು ಬಲ್ಲ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಮನೆಗಳಿಗೆ ಹೆಚ್ಚಿನ ದರ ಕೊಡೋಣವೆಂದು ಹೊರಟರೆ ‘ದೂರ’ ಎಷ್ಟೆಂಬ ವಿವಾದ ಶುರುವಾಯಿತು. ಏಜೆನ್ಸಿಯ ಕಚೇರಿಯವರು ಮೊಬೈಲಿನ ನಕ್ಷೆಯಲ್ಲಿ ಅಳತೆ ಮಾಡುತ್ತಿದ್ದರು. ನಕ್ಷೆಯಲ್ಲಿ ಅಜ್ಜಿಯ ಮನೆ ರಸ್ತೆಗೆ ತೀರ ಹತ್ತಿರ. ಆದರೆ ನಡುವಿನ ಗದ್ದೆಯಲ್ಲಿ ಮಳೆಗಾಲವಿಡೀ ನೀರು ನಿಲ್ಲುವುದರಿಂದ ಎಸ್ಟೇಟಿನ ಗೇಟು ಸುತ್ತಿಕೊಂಡೇ ಹೋಗಬೇಕು, ಆ ಗೇಟಿನ ಕೀಲಿ ಎಸ್ಟೇಟಿನ ಗುಮಾಸ್ತರಾದ ರೈಟರ ಬಳಿ ಇರುತ್ತದೆ. ಇಂಥ ಸಂಗತಿಗಳನ್ನು ಒಪ್ಪಂದದ ಭಾಷೆಯಲ್ಲಿ ಬರೆಯುತ್ತ ಕುಳಿತರೆ ಮನೆಗೊಂದು ಕಲಮು ಬೇಕಾಗುತ್ತದೆ. ಬದಲಿ ನರ್ಸ್ ಬಂದಾಗಲೆಲ್ಲ ರೋಗಿಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿತ್ತು ಎಂಬುದು ಬೇರೆ.

ವ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಇಸಿಜಿ ಪರೀಕ್ಷೆಗಳು ಅಚ್ಚುಕಟ್ಟಾಗಿ ನಡೆದವು. ಆದರೆ ವ್ಯಾನಿನವರೆಗೆ ನಡೆದು ಬರಬಲ್ಲವರು ನಮ್ಮ ಪಟ್ಟಿಯಲ್ಲಿ ಇದ್ದವರೇ ಅಲ್ಲ.

ಸಿಸ್ಟರ್ ಜೊತೆಗಿನ ಒಪ್ಪಂದದಲ್ಲಿ ಭೇಟಿ ಎಂಬ ಪದವೇ ಇಲ್ಲ. ಪಟ್ಟಿಯಲ್ಲಿರುವ ಹಿರಿಯರ ಹೊಣೆ ಅವರದು. ಯಾರ ಮನೆಗೆ ಎಷ್ಟು ಸಲ ಹೋಗಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ. ಜೀಪ್ ಬಾಡಿಗೆಯನ್ನು ಸಮಿತಿಯೇ ಚಾಲಕನಿಗೆ ನೇರವಾಗಿ ಕೊಡುತ್ತದೆ. ದಾಖಲೆಯ ಪುಸ್ತಕ ರೋಗಿಯ ಮನೆಯಲ್ಲೇ ಇರುತ್ತದೆ. ಹೊಸ ಹುಣ್ಣು ಬಿದ್ದಿದೆಯೇ, ಕ್ಯಾತಿಟರ್ ಹೇಳಿದ ದಿನಕ್ಕೆ ಬದಲಾಯಿತೇ, ಮಾತ್ರೆ ಮುಗಿದು ಖಾಲಿ ಕೂತ ದಿನಗಳಿದ್ದವೇ ಎಂದು ತಿಂಗಳ ಕೊನೆಯಲ್ಲಿ ನಾನು ಮನೆಯವರಿಗೆ ಫೋನ್ ಮಾಡಿ ಕೇಳುತ್ತೇನೆ. ಔಷಧಿ ಬರೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ. ಅಲ್ಲಿ ಉಚಿತವಾಗಿ ಸಿಗುವ ಮಾತ್ರೆಗಳನ್ನು ತಂದು ಮುಟ್ಟಿಸುವುದು ಸಿಸ್ಟರ್ ಕೆಲಸ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದನ್ನು ಅವರು ಮನೆಯವರಿಗೂ ಮನೆಗೆಲಸದವರಿಗೂ ಕಲಿಸಿದ್ದಾರೆ. ಏಜೆನ್ಸಿಯವರು ಇದನ್ನು ಏಕೆ ಕಲಿಸಲಿಲ್ಲವೆಂದರೆ, ಕಲಿಸುವುದಕ್ಕೆ ದರಪಟ್ಟಿಯಲ್ಲಿ ಜಾಗವಿರಲಿಲ್ಲ.

ಇದರಲ್ಲೂ ಕೊರತೆಗಳಿವೆ. ಸಿಸ್ಟರ್ ಅವರೇ ಕಾಯಿಲೆ ಬಿದ್ದರೆ ಬದಲಿಯವರಿಲ್ಲ. ಸ್ನಾನ ಮಾಡಿಸಲು ಇಟ್ಟುಕೊಂಡ ಸಹಾಯಕಿಯರು ಡಿಸೆಂಬರಿನಿಂದ ಕಾಫಿ ಕುಯ್ಲಿಗೆ ಹೋಗುತ್ತಾರೆ, ಅಲ್ಲಿನ ಕೂಲಿ ಹೆಚ್ಚು. ಹೀಗಾಗಿ ಆ ತಿಂಗಳುಗಳಲ್ಲಿ ಅವರಿಗೆ ಕೊಡುವುದನ್ನು ಏರಿಸಿದ್ದೇವೆ. ವೆಚ್ಚದಲ್ಲಿ ಏಜೆನ್ಸಿಗಿಂತ ಕಡಿಮೆಯಾದರೂ ಅಗ್ಗವೆಂದು ಹೇಳಲಾರೆ.

ಮಡಿಕೇರಿ ಅಥವಾ ಕುಶಾಲನಗರದ ಪೇಟೆಯಲ್ಲಿದ್ದು, ಒಬ್ಬರೇ ರೋಗಿಗೆ ಹಗಲಿರುಳು ಜೊತೆಗಿರುವವರು ಬೇಕಾದವರು ಏಜೆನ್ಸಿಯನ್ನೇ ಹಿಡಿಯಬಹುದು, ಅಲ್ಲಿ ಭೇಟಿಯ ಲೆಕ್ಕದ ತೊಂದರೆ ಬರುವುದಿಲ್ಲ. ಚದುರಿದ ಮನೆಗಳ ಊರಿಗೆ ಮಾತ್ರ ಅದು ಹೊಂದುವುದಿಲ್ಲ. ಕುಟ್ಟದ ಗಡಿಯಾಚೆ ಕೇರಳವು 2008ರಲ್ಲೇ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ನರಳಿಕೆ ತಗ್ಗಿಸುವ ಆರೈಕೆಯ, ನೀತಿ ರೂಪಿಸಿತು. ಅಲ್ಲಿ ಗ್ರಾಮ ಪಂಚಾಯಿತಿಗಳೇ ಮನೆಮನೆಗೆ ಹೋಗುವ ನರ್ಸ್‌ಗಳನ್ನು ಇಟ್ಟುಕೊಂಡಿವೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಆರೋಗ್ಯವೂ ಸಮಾಜ ಕಲ್ಯಾಣವೂ ಪಂಚಾಯಿತಿಗಳ ವಿಷಯಗಳಾಗಿಯೇ ಸೇರಿವೆ. ಅದನ್ನು ಉಲ್ಲೇಖಿಸಿ, ಜೀಪ್ ಬಾಡಿಗೆಯನ್ನಾದರೂ ಸ್ವಂತ ಸಂಪನ್ಮೂಲದಿಂದ ಭರಿಸಬೇಕೆಂದು ನಮ್ಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಅದು ಮಂಜೂರಾದರೆ ಉಳಿಯುವ ಹಣದಲ್ಲಿ ಮಳೆಗಾಲಕ್ಕೆ ಇನ್ನೊಬ್ಬ ಸಹಾಯಕಿಯನ್ನು ಗೊತ್ತುಮಾಡುವುದೆಂದು ಸಮಿತಿ ತೀರ್ಮಾನಿಸಿದೆ.